ಬ್ರೌಸರಲ್ಲಿ ತಾಳ ತಪ್ಪುವುದು ಎಲ್ಲಿ?

ನನ್ನ ತಂಗಿಯ ಮಗ ಉಡುಪಿಯಲ್ಲಿ ಯಕ್ಷಗಾನದ ಭಾಗವತಿಕೆ ಕಲೀತಾ ಇದ್ದಾನೆ, ಅವನಿಗೆ ಮನೆಯಲ್ಲಿ ಅಭ್ಯಾಸಕ್ಕೆ ಅಂತ ಲ್ಯಾಪ್‌ಟಾಪ್ ಬ್ರೌಸರಲ್ಲೇ ಓಡುವ ಒಂದು ತಾಳದ ಪೇಜು ಮಾಡಿಕೊಟ್ಟೆ. ತ್ರಿವುಡೆ ತಾಳ, ಏಳು ಅಕ್ಷರ, ಮೊದಲನೇದಕ್ಕೆ ಜಾಗಟೆ ಶಬ್ದ, ಅಷ್ಟೇ. ಎರಡು ನಿಮಿಷ ಆಗ್ಲಿಲ್ಲ, "ಮಾವ, ಇದು ಎಳೀತದೆ" ಅಂದ. ಅವನ ಕಿವಿ ಸರಿಯೇ ಇತ್ತು.

ಇದನ್ನು ಹೇಳಿದ್ರೆ ಸುಮಾರು ಜನ "ಜಾವಾಸ್ಕ್ರಿಪ್ಟ್ ಸ್ಲೋ ಮಾರ್ರೆ, ಬ್ರೌಸರಲ್ಲಿ ಸಂಗೀತ ಎಲ್ಲ ಆಗುದಿಲ್ಲ, ಒಳ್ಳೆ ಕೋಡ್ ಲೈಬ್ರರಿ ಹಾಕಿ" ಅಂತಾರೆ. ಕೇಳಿ ಕೇಳಿ ಸಾಕಾಗಿದೆ ನನಗೆ. ಸ್ಪೀಡಿನ ವಿಷಯವೇ ಅಲ್ಲ ಇದು, ಯಾವ ಗಡಿಯಾರ ನೋಡಿ ಬಾರಿಸ್ತೀರಿ ಅನ್ನುವ ವಿಷಯ. 1957ರಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಮಿಂದ ಐಬಿಎಂ 704 ಕಂಪ್ಯೂಟರಲ್ಲಿ 17 ಸೆಕೆಂಡಿನ ಸಂಗೀತ ಬಂತಲ್ಲ, ಆ ಯಂತ್ರ ನಮ್ಮ ಮೊಬೈಲಿನ ಎದುರು ಎಂತದ್ದೂ ಅಲ್ಲ, ಆದ್ರೂ ತಾಳ ತಪ್ಪುವ ಪ್ರಶ್ನೆಯೇ ಇರ್ಲಿಲ್ಲ, ಯಾಕಂದ್ರೆ ಒಂದೊಂದು ಸ್ಯಾಂಪಲ್ಲನ್ನೂ, ಅಂದ್ರೆ ಶಬ್ದದ ಒಂದೊಂದು ಚೂರಿನ ಅಳತೆಯನ್ನೂ, ಲೆಕ್ಕ ಹಾಕಿ ಟೇಪಿಗೆ ಬರೆದು ಆಮೇಲೆ ನುಡಿಸಿದ್ದು.

ಬ್ರೌಸರಲ್ಲಿ ಗಡಿಯಾರ ಎರಡುಂಟು. ನಾನು ಮೊದಲು ನಂಬಿದ್ದು ಜಾವಾಸ್ಕ್ರಿಪ್ಟಿನ ಟೈಮರ್ ಆದ ಸೆಟ್‌ಟೈಮೌಟನ್ನು. 500 ಮಿಲಿಸೆಕೆಂಡ್ ಬಿಟ್ಟು ಕರಿ ಅಂದ್ರೆ ಅದಕ್ಕಿಂತ ಮೊದಲು ಕರೆಯುದಿಲ್ಲ ಅಂತ ಮಾತ್ರ ಅದರ ಭರವಸೆ, ಅಷ್ಟೊತ್ತಿಗೆ ಪೇಜಿಗೆ ಬೇರೆ ಕೆಲಸ ಇದ್ರೆ ಕಾಯ್ಬೇಕು. ಒಂದೊಂದು ಪೆಟ್ಟಿಗೂ 5 ಮಿಲಿಸೆಕೆಂಡ್ ತಡ ಅಂತಿಟ್ಕೊಳ್ಳಿ, ನಿಮಿಷಕ್ಕೆ 120 ಪೆಟ್ಟು, 600 ಮಿಲಿಸೆಕೆಂಡ್ ಹೋಯ್ತು, ಒಂದು ಇಡೀ ಪೆಟ್ಟಿಗಿಂತ ಜಾಸ್ತಿ! ಉಡುಪಿ ಬಸ್ಸು ಪ್ರತಿ ಸ್ಟಾಪಲ್ಲೂ "ಇಲ್ಲಿಂದ ಇಷ್ಟು ನಿಮಿಷ" ಅಂತ ಹೊಸದಾಗಿ ಲೆಕ್ಕ ಶುರು ಮಾಡಿದ ಹಾಗೆ, ಪಡುಬಿದ್ರಿಯ ತಡ ಸುರತ್ಕಲ್ಲಿಗೆ, ಎರಡೂ ಸೇರಿ ಮಂಗಳೂರಿನ ಸ್ಟೇಟ್‌ಬ್ಯಾಂಕಿಗೆ.

ಇನ್ನೊಂದು, ಬ್ರೌಸರಲ್ಲಿ ಶಬ್ದ ನೋಡಿಕೊಳ್ಳುವ ವೆಬ್ ಆಡಿಯೋದ ಸ್ವಂತ ಗಡಿಯಾರ, ಕರೆಂಟ್‌ಟೈಮ್. ಇದು ಸೌಂಡ್ ಹಾರ್ಡ್‌ವೇರಿನ ಜೊತೆ ನಡೀತದೆ, 128 ಸ್ಯಾಂಪಲ್ಲಿನ ಗುಂಪು ಗುಂಪಾಗಿ, ಸೆಕೆಂಡಿಗೆ 48,000 ಸ್ಯಾಂಪಲ್ ರೇಟಲ್ಲಿ ಗುಂಪಿಗೆ ಸುಮಾರು 2.7 ಮಿಲಿಸೆಕೆಂಡ್. "12.5ನೇ ಸೆಕೆಂಡಿಗೆ ಜಾಗಟೆ" ಅಂತ ಮೊದಲೇ ಹೇಳಿಟ್ರೆ ಆ ಜಾಗಕ್ಕೇ ಬೀಳ್ತದೆ. ಹಾಗಾಗಿ ಎರಡನ್ನೂ ಸೇರಿಸುದು: ಟೈಮರ್ 25 ಮಿಲಿಸೆಕೆಂಡಿಗೊಮ್ಮೆ ಎದ್ದು ಮುಂದಿನ 100 ಮಿಲಿಸೆಕೆಂಡಲ್ಲಿ ಬರುವ ಪೆಟ್ಟುಗಳನ್ನು ಆಡಿಯೋಗೆ ಒಪ್ಪಿಸಿ ಮಲಗ್ತದೆ, ಏಳುವಾಗ ಸ್ವಲ್ಪ ತಡ ಆದ್ರೂ ತೊಂದರೆ ಇಲ್ಲ. ಭಾಗವತರ ಸನ್ನೆ ಒಂಚೂರು ಮೊದಲೇ ಬರ್ತದೆ, ಚೆಂಡೆಯ ಪೆಟ್ಟು ಸರಿಯಾದ ಜಾಗಕ್ಕೇ ಬೀಳ್ತದೆ, ಅದೇ ಇದು.

ಇಷ್ಟು ಗೊತ್ತಾದ್ಮೇಲೆ ಟೂಲ್ ಆರಿಸುದು ಸುಲಭ. ರೆಕಾರ್ಡ್ ಮಾಡಿದ ಶಬ್ದ ಬಟನ್ ಒತ್ತಿದಾಗ ಕೇಳಿದ್ರೆ ಸಾಕಾದ್ರೆ ಹೌಲರ್, ಲಯ ಬೇಕಾದ್ರೆ ಈ ಕೆಲಸ ಎಲ್ಲ ಒಳಗೇ ಮಾಡುವ ಟೋನ್ ಜೆಎಸ್, ಶಬ್ದವನ್ನೇ ಹೊಸದಾಗಿ ಕಟ್ಟುದಾದ್ರೆ ಫೌಸ್ಟ್ ಅಥವಾ ಸಿಸೌಂಡ್. ನಮ್ಮ ಪೇಜಿಗೆ ಇದ್ಯಾವುದೂ ಬೇಕಾಗ್ಲಿಲ್ಲ.

ಒಂದು ಮಾತ್ರ ಉಳಿದಿತ್ತು, ಬೇರೆ ಟ್ಯಾಬಿಗೆ ಹೋದ್ರೆ ಕೆಲವು ಸಲ ಬ್ರೌಸರ್ ಟೈಮರನ್ನು ಸೆಕೆಂಡಿಗೊಮ್ಮೆ ಮಾತ್ರ ಎಬ್ಬಿಸ್ತದೆ, ಆಗ 100 ಮಿಲಿಸೆಕೆಂಡಿನ ಬುತ್ತಿ ಸಾಲುದಿಲ್ಲ. ಟೈಮರನ್ನು ಪೇಜಿನಿಂದ ಬೇರೆಯಾಗಿ ಹಿನ್ನೆಲೆಯಲ್ಲಿ ಓಡುವ ವೆಬ್ ವರ್ಕರ್ ಒಳಗೆ ಹಾಕಿದೆ, ಈಗ ಹುಡುಗ ಪಕ್ಕದ ಟ್ಯಾಬಲ್ಲಿ ಪದ್ಯ ನೋಡಿಕೊಂಡು ಹಾಡ್ತಾನೆ, ಹಿಂದೆ ತಾಳ ನಡೀತಾ ಉಂಟು.