ಪದ್ಯ ಅವರದು, ರಾಗ ನಿಮ್ಮದು, ವೇದಿಕೆ ಸಮಿತಿಯದು

ಶಿವಮೊಗ್ಗದಲ್ಲಿದ್ದುಕೊಂಡೇ ಸಂಗೀತವನ್ನು ನಂಬಿ ಬದುಕಬಹುದೇ ಎಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರು ಈಚೆಗೆ ಹೆಚ್ಚಾಗಿದ್ದಾರೆ. ಬದುಕಬಹುದು. ಆದರೆ ಒಬ್ಬರೇ ಬದುಕಲಾಗುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬ ತಬಲಾ ವಾದಕರು ಒಲ್ಲೆನೆಂದರೆ ಇನ್ನೊಬ್ಬರಿಗೆ ಫೋನ್ ಹೋಗುತ್ತದೆ. ಇಲ್ಲಿ ಅದೇ ತಬಲಾ, ಅದೇ ಕೀಬೋರ್ಡ್, ಅದೇ ಕೊಳಲು ಇವತ್ತು ನನ್ನ ಜೊತೆ, ನಾಳೆ ನಿಮ್ಮ ಜೊತೆ, ನಾಡಿದ್ದು ಕೊಪ್ಪದ ಕಡೆಯ ಯಾವುದೋ ಮದುವೆಮನೆಯಲ್ಲಿ. ಬೆರಳೆಣಿಕೆಯ ವಾದಕರನ್ನು ಜಿಲ್ಲೆಯ ಹಾಡುಗಾರರೆಲ್ಲ ಹಂಚಿಕೊಂಡಿದ್ದೇವೆ. ಯಾವ ಶ್ರುತಿ, ಎಷ್ಟು ಹೊತ್ತು, ಎಷ್ಟು ಹಣ, ಹಾಡು ಯಾರ ಹೆಸರಿನಲ್ಲಿ ಎಂಬುದನ್ನು ವೇದಿಕೆ ಹತ್ತುವ ಮೊದಲೇ ಬಾಯಿಬಿಟ್ಟು ಆಡಿಕೊಂಡವರು ಈ ಊರಿನಲ್ಲಿ ಉಳಿದಿದ್ದಾರೆ. ಸಂಕೋಚಪಟ್ಟು ಸುಮ್ಮನಿದ್ದವರ ಫೋನನ್ನು ಪಕ್ಕವಾದ್ಯದವರು ಎತ್ತುವುದನ್ನೇ ನಿಲ್ಲಿಸುತ್ತಾರೆ.

ಮಲೆನಾಡಿನಲ್ಲಿ ಕಲಾವಿದರ ವರ್ಷವನ್ನು ನಿರ್ಧರಿಸುವುದು ಮಳೆ ಮತ್ತು ಅಡಿಕೆ. ಗಣಪತಿ ಹಬ್ಬಕ್ಕೆ ಕೆಲಸ ಶುರುವಾಗುತ್ತದೆ. ದಸರೆ ದಾಟಿ ನವೆಂಬರ್ ಬಂದರೆ ತಿಂಗಳಿಡೀ ರಾಜ್ಯೋತ್ಸವ. ಅಷ್ಟರಲ್ಲಿ ಅಡಿಕೆ ಗೊನೆಯ ಕೊಯ್ಲು ಬಂದಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟದ ಊರುಗಳಲ್ಲಿ ರಾತ್ರಿ ಅಡಿಕೆ ಸುಲಿಯುವವರಿಗೆ ನಮ್ಮ ಭಾವಗೀತೆ ಕೇಳುವ ಪುರುಸೊತ್ತಿಲ್ಲ, ಚಂದಾ ಎತ್ತುವವರಿಗಂತೂ ಮೊದಲೇ ಇಲ್ಲ. ಅಡಿಕೆ ಮಂಡಿಗೆ ಹೋಗಿ ಕೈಗೆ ಕಾಸು ಬಂದ ಮೇಲೆ ಜಾತ್ರೆ, ತೇರು, ದೇವಸ್ಥಾನದ ಉತ್ಸವ, ಶಾಲೆಯ ವಾರ್ಷಿಕೋತ್ಸವ. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಆ ವರ್ಷಗಳ ಆದಾಯವನ್ನು ಉಳಿದ ವರ್ಷಗಳಿಗೆ ಅಳತೆಯಾಗಿ ಇಟ್ಟುಕೊಳ್ಳಬಾರದು. ಜೂನ್ ಬಂತೆಂದರೆ ಬಯಲು ವೇದಿಕೆಯ ಮಾತೇ ಇಲ್ಲ. ಕುವೆಂಪು ರಂಗಮಂದಿರದಂಥ ಸಭಾಂಗಣದೊಳಗೆ ನಡೆಯುವ ಕೆಲವು ಕಾರ್ಯಕ್ರಮಗಳಷ್ಟೇ. ಉಳಿದ ದಿನಗಳಲ್ಲಿ ಮನೆಪಾಠ. ಪಾಠ ಹೇಳುವವರನ್ನು ಅರೆಕಾಲಿಕ ಕಲಾವಿದರೆಂದು ಮೂಗು ಮುರಿಯುವವರಿದ್ದಾರೆ. ಆಷಾಢದ ಅಕ್ಕಿ ಬೇಳೆಯ ಖರ್ಚು ಅವರ ಮೂಗಿನಿಂದ ಹುಟ್ಟುವುದಿಲ್ಲ.

ಇನ್ನು ಕೂಡಿ ನುಡಿಸುವ ವಿಷಯ. ನನ್ನ ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರ, ಒಂದೂವರೆ ಮನೆ. ಹಿಂದೂಸ್ತಾನಿ ಕಲಿತ ತಬಲಾದವರು ಅದನ್ನು ಕಪ್ಪು ಒಂದು ಎನ್ನುತ್ತಾರೆ, ಗಿಟಾರಿನ ಹುಡುಗ ಸಿ ಶಾರ್ಪ್ ಎನ್ನುತ್ತಾನೆ. ಗಿಟಾರಿನವನು ತಂತಿಗಳ ಮೇಲೆ ಕೇಪೋ ಎಂಬ ಹಿಡಿಕೆ ಸಿಕ್ಕಿಸಿಕೊಂಡು ಪಾರಾಗುತ್ತಾನೆ, ಕೀಬೋರ್ಡಿನವರು ಒಂದು ಗುಂಡಿ ಒತ್ತುತ್ತಾರೆ. ತಬಲಾದವರಿಗೆ ಆ ಸೌಲಭ್ಯವಿಲ್ಲ. ಕಪ್ಪು ಒಂದಕ್ಕೆ ಮಾಡಿದ ತಬಲಾವನ್ನು ಸುತ್ತಿಗೆಯಲ್ಲಿ ಎಷ್ಟು ಬಡಿದರೂ ಗಾಯಕಿಯೊಬ್ಬರ ಕಪ್ಪು ನಾಲ್ಕಕ್ಕೆ ಏರದು. ಹಟ ಹಿಡಿದು ಏರಿಸಿದರೆ ಚರ್ಮ ಹರಿಯುತ್ತದೆ. ಕೊಳಲಿನವರಿಗೂ ಶ್ರುತಿಗೊಂದು ಕೊಳಲು ಬೇಕು. ಆದ್ದರಿಂದ ಹಾಡುಗಳ ಪಟ್ಟಿಯನ್ನು ಶ್ರುತಿ ಸಮೇತ ಎರಡು ದಿನ ಮೊದಲೇ ಕಳಿಸುವುದು ಪಕ್ಕವಾದ್ಯದವರಿಗೆ ಕೊಡುವ ಮೊದಲ ಮರ್ಯಾದೆ. ಶಾಲು ಹಾರ ಆಮೇಲಿನದು.

ತಾಳದ ವಿಷಯದಲ್ಲಿ ಹೆಸರನ್ನು ನಂಬಬೇಡಿ, ಕೈಯಲ್ಲಿ ಹಾಕಿ ತೋರಿಸಿ. ಮೃದಂಗದವರಿಗೆ ರೂಪಕ ಎಂದರೆ 6 ಅಕ್ಷರ, ಅಂದರೆ ಆರು ಎಣಿಕೆ, ಹಿಂದೂಸ್ತಾನಿ ತಬಲಾದವರಿಗೆ ರೂಪಕ ಎಂದರೆ 7 ಮಾತ್ರೆ. ಇಬ್ಬರೂ ತಲೆಯಾಡಿಸಿ ಒಪ್ಪಿಕೊಂಡು ವೇದಿಕೆಗೆ ಹೋಗುತ್ತಾರೆ, ಮೊದಲ ಆವರ್ತನ ಮುಗಿಯುವಷ್ಟರಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ. ಮೃದಂಗದವರ ಮಿಶ್ರ ಝಂಪೆಯೂ ತಬಲಾದವರ ಝಪ್‌ತಾಲವೂ ಹತ್ತರ ಲೆಕ್ಕದವೇ. ಆದರೆ ಒಂದು 7, 1, 2 ಎಂದು ಒಡೆಯುತ್ತದೆ, ಇನ್ನೊಂದು 2, 3, 2, 3 ಎಂದು. ಮೊತ್ತ ಸರಿ ಇದ್ದರೂ ಪದ್ಯದ ಒತ್ತು ಬೀಳುವ ಜಾಗ ತಪ್ಪುತ್ತದೆ.

ಯಕ್ಷಗಾನದ ಮದ್ದಳೆಯವರ ಜೊತೆ ಕೆಲಸ ಮಾಡುವ ಆಸೆ ಇಲ್ಲಿಯ ಪ್ರತಿಯೊಂದು ಹೊಸ ತಂಡಕ್ಕೂ ಇರುತ್ತದೆ, ಇರಬೇಕಾದದ್ದೇ. ಕಷ್ಟ ಎದುರಾಗುವುದು ಧ್ವನಿಮುದ್ರಣದಲ್ಲಿ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಟಿಕ್ ಟಿಕ್ ಎನ್ನುವ ಕ್ಲಿಕ್ಕಿಗೆ ನುಡಿಸಿ ಎಂದರೆ ಮೂವತ್ತು ವರ್ಷ ಮೇಳದಲ್ಲಿ ತಿರುಗಿದ ಕೈಯೂ ತಡವರಿಸುತ್ತದೆ. ಭಾಗವತರ ಉಸಿರು, ವೇಷಧಾರಿಯ ಹೆಜ್ಜೆ ನೋಡಿ ಲಯವನ್ನು ಎಳೆದು ಬಿಗಿದು ಪಳಗಿದ ಕೈ ಅದು. ಯಂತ್ರದ ಸಮಾನ ಅಂತರ ಅದಕ್ಕೆ ಸಂಕೋಲೆ. ನಾವು ಈಗ ಹಾಡುವವರನ್ನೂ ಮದ್ದಳೆಯವರನ್ನೂ ಎದುರುಬದುರು ಕೂರಿಸಿ ಇಬ್ಬರದನ್ನೂ ಮೊದಲು ಮುದ್ರಿಸಿಕೊಳ್ಳುತ್ತೇವೆ. ಗಿಟಾರ್, ಬೇಸ್ ಆಮೇಲೆ ಅದರ ಹಿಂದೆ ನಡೆಯುತ್ತವೆ. ಸಂಕಲನ ಮಾಡುವವರು ಗೊಣಗುತ್ತಾರೆ, ಗೊಣಗಲಿ.

ಕಾವ್ಯವನ್ನು ರಾಗವಾಗಿ ಓದುವ ಗಮಕದ ಜೊತೆ ಇನ್ನೂ ಹುಷಾರಾಗಿರಬೇಕು. ಶಿವಮೊಗ್ಗದ ಪಕ್ಕದ ಹೊಸಹಳ್ಳಿ, ಮತ್ತೂರಿನಲ್ಲಿ ಗಮಕ ಇಂದಿಗೂ ಮನೆಮಾತು, ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೇ. ಕಾವ್ಯದ ಅರ್ಥಕ್ಕೆ ತಕ್ಕಂತೆ ನಿಂತು ನಡೆಯುವ ತಾಳಮುಕ್ತ ವಾಚನದ ಕೆಳಗೆ ಡ್ರಮ್ಸ್ ಸೇರಿಸಿ ಫ್ಯೂಷನ್ ಎಂದು ಕರೆಯುವವರಿಗೆ ನಾನು ದೂರದಿಂದಲೇ ಕೈ ಮುಗಿಯುತ್ತೇನೆ. ತಂಬೂರಿಯ ಶ್ರುತಿ, ಬೇಕಿದ್ದರೆ ಪದ್ಯದ ನಡುವಿನ ವಿರಾಮದಲ್ಲಿ ಒಂದೆಳೆ ಕೊಳಲು. ಅಷ್ಟು ಸಾಕು. ಡೊಳ್ಳಿನವರನ್ನು ಕರೆದರೆ ಅವರಿಗೆ ಮೈಕ್ ಇಡಬೇಡಿ, ಉಳಿದವರ ಮೈಕಿನಿಂದ ದೂರ ನಿಲ್ಲಿಸಿ.

ಹಣ. ‘ನೀವು ಬನ್ನಿ ಸಾರ್, ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತಿಗೆ ತಲೆಯಾಡಿಸಿದರೆ ಕೊನೆಗೆ ನೋಡಿಕೊಳ್ಳುವವರು ನಾವೇ. ಉದಾಹರಣೆಗೆ ಒಂದು ಸಮಿತಿ 20,000 ರೂಪಾಯಿಗೆ ಒಪ್ಪಿತು ಎನ್ನಿ. ಹೊಸನಗರದ ಕಡೆಯ ಊರಿಗೆ ರಾತ್ರಿ ಕಾರ್ಯಕ್ರಮ, ಮುಗಿಯುವ ಹೊತ್ತಿಗೆ ಬಸ್ಸಿಲ್ಲ, ವಾಹನಕ್ಕೆ 4,500. ಮೂವರು ವಾದಕರಿಗೆ ತಲಾ 3,500ರಂತೆ 10,500. ಉಳಿದ 5,000ದಲ್ಲಿ ಅಭ್ಯಾಸದ ದಿನಗಳ ಕಾಫಿ ತಿಂಡಿ, ತಂತಿ, ಕೇಬಲ್ ಎಲ್ಲ ಕಳೆದ ಮೇಲೆ ಹಾಡುವವರಿಗೆ ಉಳಿಯುವುದು ವಾದಕರಿಗೆ ಕೊಟ್ಟಷ್ಟೇ. ಈ ಲೆಕ್ಕವನ್ನು ವಾದಕರ ಮುಂದೆಯೇ ಮಾಡುತ್ತೇನೆ. ‘ಅಣ್ಣ, ಸಮಿತಿಯವರು ನಿಮಗೆ ಎಷ್ಟು ಕೊಟ್ಟರು?’ ಎಂದು ಹಿಂದಿನಿಂದ ಹುಟ್ಟುವ ಪ್ರಶ್ನೆ ಒಳ್ಳೊಳ್ಳೆಯ ತಂಡಗಳನ್ನು ಒಡೆದಿದೆ.

ಮಾತಾಡಿದ ದಿನವೇ ಅರ್ಧ ಮುಂಗಡ ಪಡೆಯಿರಿ. ಯಾರ ಖರ್ಚಿನಲ್ಲಿ ಮೈಕ್ ಸೆಟ್, ಯಾರ ಖರ್ಚಿನಲ್ಲಿ ವಾಹನ, ರಾತ್ರಿ ಊಟ ಉಂಟೋ ಇಲ್ಲವೋ, ಮೊಬೈಲಿನಲ್ಲಿ ಒಂದು ಸಂದೇಶವಾಗಿ ಬರೆದು ಕಳಿಸಿ ‘ಸರಿ’ ಎನ್ನಿಸಿಕೊಳ್ಳಿ; ಛಾಪಾ ಕಾಗದವೇನೂ ಬೇಡ. ಸರ್ಕಾರಿ ಕಾರ್ಯಕ್ರಮದ ಹಣ ಬ್ಯಾಂಕ್ ಖಾತೆಗೇ ಬರುತ್ತದೆ, ನಿಧಾನವಾಗಿ ಬರುತ್ತದೆ, ಅದನ್ನು ವಾದಕರಿಗೆ ಮೊದಲೇ ಹೇಳಿ. ತೆರಿಗೆ ಕಡಿತವಾಗಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಕೇಳಬಹುದು. ನಮ್ಮವರಲ್ಲಿ ಎಷ್ಟೋ ಜನ ಆ ಹಣವನ್ನು ದೇವರಿಗೆ ಬಿಟ್ಟಂತೆ ಬಿಟ್ಟಿರುತ್ತಾರೆ. ಪುಕ್ಕಟೆ ಹಾಡುವುದೂ ಇದೆ. ಊರಿನ ಕನ್ನಡ ಶಾಲೆಗೆ, ಸಾಹಿತ್ಯದ ಸಣ್ಣ ಕೂಟಕ್ಕೆ ನಾನು ಹಾಡುತ್ತೇನೆ. ನನ್ನ ಪುಣ್ಯಕ್ಕೆ ತಬಲಾದವರ ಜೇಬು ಖಾಲಿಯಾಗಬಾರದು, ಅವರಿಗೆ ಕೊಟ್ಟೇ ಕರೆದುಕೊಂಡು ಹೋಗುತ್ತೇನೆ. ‘ನಿಮಗೂ ಪ್ರಚಾರ ಸಿಗುತ್ತದೆ’ ಎನ್ನುವ ರೆಸಾರ್ಟಿನವರು ಬೇರೆ ಜಾತಿ. ಅಡುಗೆಯವರಿಗೆ ಅವರು ಪ್ರಚಾರ ಕೊಟ್ಟು ಕಳಿಸುವುದಿಲ್ಲವಲ್ಲ!

ಸಮಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೊಸಬರು ಸೋಲುವುದು ಇಲ್ಲೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬ ಉತ್ಸವಗಳಿಗೆಂದು ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲಿಸಬಹುದು. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನವೇ ಎಷ್ಟೋ ಕಡೆ ಕಾಲಮಿತಿಗೆ ಇಳಿದಿರುವಾಗ ನಮ್ಮದೇನು? ಆಮಂತ್ರಣದಲ್ಲಿ ‘ಸಂಜೆ 7ಕ್ಕೆ ಗಾಯನ’ ಎಂದಿರುತ್ತದೆ. 7ಕ್ಕೆ ಸಭಾ ಕಾರ್ಯಕ್ರಮ ಶುರುವಾಗುತ್ತದೆ. ವೇದಿಕೆಯ ಮೇಲೆ ಹನ್ನೊಂದು ಕುರ್ಚಿ, ಎಲ್ಲರದೂ ‘ಎರಡೇ ಮಾತು’. ‘ಮಕ್ಕಳ ಡ್ಯಾನ್ಸ್ ಒಂದು ಉಳಿದಿದೆ ಸಾರ್, ಆಮೇಲೆ ನಿಮ್ಮದೇ’ ಎಂದು ಕಾರ್ಯದರ್ಶಿ ಬೆವರೊರೆಸಿಕೊಳ್ಳುತ್ತಾ ಹೇಳಿ ಹೋಗುತ್ತಾರೆ. ನೀವು ಹತ್ತುವಾಗ 9.20. ಒಂದೂವರೆ ಗಂಟೆಯ ಪಟ್ಟಿ ಹಿಡಿದು ಕೂತರೆ ಮೂರನೆಯ ಹಾಡಿಗೆ ಪೊಲೀಸ್ ಜೀಪು ಬಂದು ನಿಲ್ಲುತ್ತದೆ, ತಂಡದ ಅತ್ಯುತ್ತಮ ಹಾಡು ಪಟ್ಟಿಯ ಕೊನೆಯಲ್ಲೇ ಉಳಿಯುತ್ತದೆ.

ಆದ್ದರಿಂದ 90, 45, 25 ನಿಮಿಷಗಳ ಮೂರು ಪಟ್ಟಿ ಮಾಡಿ, ಪ್ರತಿ ಹಾಡಿನ ಪಕ್ಕ ಶ್ರುತಿ ತಾಳ ಬರೆದು, ಎಲ್ಲ ವಾದಕರ ಕೈಗೂ ಕೊಡಿ. ಹೆಚ್ಚು ಅಭ್ಯಾಸ ಮಾಡಬೇಕಾದದ್ದು 25ರದನ್ನು. ಹೊತ್ತು ಕಡಿಮೆಯಾದರೂ ಸಂಭಾವನೆ ಕಡಿಮೆಯಾಗದು ಎಂಬುದನ್ನೂ ಮುಂಗಡದ ದಿನವೇ ಆಡಿರಬೇಕು. ‘ಅರ್ಧ ಗಂಟೆಯೂ ಹಾಡಲಿಲ್ಲವಲ್ಲ’ ಎಂದು ಖಜಾಂಚಿಯೊಬ್ಬರು ನೋಟು ಎಣಿಸುವುದನ್ನು ನಡುವೆಯೇ ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಭಾಷಣ ಮಾಡಿದ್ದು ನಾವಲ್ಲ!

ಮೈಕ್ ಸೆಟ್ಟಿನ ಹುಡುಗನನ್ನು ಗದರಬೇಡಿ. ಹಿಂದಿನ ರಾತ್ರಿ ಎಲ್ಲೋ ನಿದ್ದೆಗೆಟ್ಟು, ಹಗಲಿಡೀ ಕಂಬ ಹತ್ತಿ ಇಳಿದು ಬಂದಿರುತ್ತಾನೆ. ಯಾರು ಎಲ್ಲಿ ಕೂರುತ್ತಾರೆ, ಯಾರಿಗೆ ಯಾವ ಮೈಕ್ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಅವನು ನಿಮ್ಮವನಾಗುತ್ತಾನೆ. ಗಿಟಾರಿನವರು ಚೀಲದಲ್ಲಿ ಎಲೆಕ್ಟ್ರಿಷಿಯನ್ನರ ಟೆಸ್ಟರ್ ಒಂದನ್ನು ಇಟ್ಟುಕೊಂಡಿರಲೇಬೇಕು. ಒದ್ದೆ ನೆಲದ ಚಪ್ಪರ, ಅರ್ಥಿಂಗ್ ಸರಿಯಿಲ್ಲದ ಸಂಪರ್ಕ, ಗಿಟಾರಿನ ಆಂಪ್ಲಿಫೈಯರ್ ಒಂದು ಕಡೆಯ ವಿದ್ಯುತ್ತಿಗೆ, ಮೈಕಿನ ಮಿಕ್ಸರ್ ಇನ್ನೊಂದು ಕಡೆಯದಕ್ಕೆ: ತಂತಿ ಹಿಡಿದ ಕೈ ಹಾಗೆಯೇ ಇರುವಾಗ ತುಟಿ ಮೈಕಿಗೆ ತಾಗಿದರೆ ಮೈಯೊಳಗೇ ಕರೆಂಟ್ ಹರಿಯುತ್ತದೆ. ಟೆಸ್ಟರಿನ ತುದಿಯನ್ನು ಮೈಕಿನ ಜಾಲರಿಗೆ ಮುಟ್ಟಿಸಿ ನೋಡಿ. ದೀಪ ಹೊತ್ತಿದರೆ, ಸಚಿವರೇ ಮುಂದಿನ ಸಾಲಿನಲ್ಲಿ ಕಾಯುತ್ತಿದ್ದರೂ ಹಾಡಬೇಡಿ. ಮಳೆಗಾಲದಲ್ಲಿ ಚರ್ಮವಾದ್ಯದ ಶ್ರುತಿ ಇಳಿಯುತ್ತದೆ, ಪಿಟೀಲಿನ ಬಿರಡೆ ಉಬ್ಬಿ ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ಮೊದಲೇ ವಾದ್ಯವನ್ನು ಚೀಲದಿಂದ ತೆಗೆದಿಟ್ಟರೆ ಅಲ್ಲಿಯ ಹವೆಗೆ ಹೊಂದಿಕೊಳ್ಳುತ್ತದೆ. ತಗಡಿನ ಮಾಡಿನ ಸಮುದಾಯ ಭವನದ ಮೇಲೆ ಆಗುಂಬೆ ಸೀಮೆಯ ಮಳೆ ಸುರಿಯತೊಡಗಿದರೆ ಮಾತ್ರ ಯಾವ ಉಪಾಯವೂ ಇಲ್ಲ, ನಿಲ್ಲುವವರೆಗೆ ಕಾಫಿ ಕುಡಿಯಬೇಕು.

ಕೊನೆಗೆ ಹಕ್ಕಿನ ಮಾತು. ಶಿವಮೊಗ್ಗ ಸುಬ್ಬಣ್ಣನವರ ಜಿಲ್ಲೆ ಇದು, ಕವಿತೆಯನ್ನು ಹಾಡಾಗಿ ಕೇಳುವ ಕಿವಿ ಇಲ್ಲಿ ತಯಾರಾಗಿಯೇ ಇದೆ. ಹಾಗಾಗಿ ಹೊಸ ತಂಡಗಳೂ ದೊಡ್ಡ ಕವಿಗಳ ಪದ್ಯಕ್ಕೇ ಕೈಹಾಕುತ್ತವೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ದೃಷ್ಟಿಯಲ್ಲಿ ಸಾಹಿತ್ಯ ಒಂದು ಕೃತಿ, ಅದಕ್ಕೆ ಹಾಕಿದ ಸಂಗೀತ ಇನ್ನೊಂದು. ರಚಿಸಿದವರ ಜೀವಿತಾವಧಿ, ಅವರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ, ಅಲ್ಲಿಯವರೆಗೆ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಪದ್ಯಗಳ ಹಕ್ಕು 2041ರ ಕೊನೆಯವರೆಗೆ. ಕುವೆಂಪು 1994, ಅಂದರೆ 2054ರ ಕೊನೆಯವರೆಗೆ. ಶಿಶುನಾಳ ಶರೀಫರು ಹೋದದ್ದು 1889ರಲ್ಲಿ, ಅವರ ಪದಗಳು ಎಲ್ಲರ ಸೊತ್ತು. ಆದರೆ ಆ ಪದಗಳಿಗೆ ಸಿ. ಅಶ್ವಥ್ ಹಾಕಿದ ಧಾಟಿ ಎಲ್ಲರದಲ್ಲ. ಅವರು ತೀರಿಕೊಂಡದ್ದು 2009ರಲ್ಲಿ. ಸ್ವಂತ ಧಾಟಿ ಹಾಕಿಕೊಂಡರೆ ಶರೀಫರನ್ನು ಯಾರನ್ನೂ ಕೇಳದೆ ಹಾಡಿ, ಮುದ್ರಿಸಿ.

ಮದುವೆಮನೆ, ಧಾರ್ಮಿಕ ವಿಧಿ, ಸರ್ಕಾರದ ಅಧಿಕೃತ ಸಮಾರಂಭಗಳಲ್ಲಿ ಹಾಡುವುದಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟ ಕಾರ್ಯಕ್ರಮವಾದರೆ ಪರವಾನಗಿಯ ಹೊಣೆ ಆಯೋಜಕರದ್ದು ಎಂದು ಮೊದಲೇ ಬರೆಸಿಕೊಳ್ಳಿ. ಮುದ್ರಿಸಿ ಅಂತರ್ಜಾಲಕ್ಕೆ ಹಾಕುವಾಗ ಮಾತ್ರ ಕವಿಯಿಂದ ಅಥವಾ ಅವರ ಮನೆಯವರಿಂದ ಲಿಖಿತ ಒಪ್ಪಿಗೆ ಬೇಕು. ಕೇಳಿ, ಬಹುಪಾಲು ಕುಟುಂಬಗಳು ಸಂತೋಷದಿಂದ ಕೊಡುತ್ತವೆ. ಅವರಿಗೆ ಬೇಸರವಾಗುವುದು ಕೇಳದೆ ಹಾಡಿದಾಗ, ಅದರಲ್ಲೂ ಪದ್ಯದ ಸಾಲು ಬದಲಿಸಿದಾಗ.

ಸ್ವಂತ ಹಾಡಾದರೆ 2012ರ ತಿದ್ದುಪಡಿ ನಿಮ್ಮ ಬೆನ್ನಿಗಿದೆ. ಹಾಡು ಬರೆದವರೂ ಸಂಗೀತ ಹಾಕಿದವರೂ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಗೌರವಧನದ (ರಾಯಲ್ಟಿಯ) ಸಮಪಾಲನ್ನು ಕಳೆದುಕೊಳ್ಳುವುದಿಲ್ಲ. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದೇ ಇಲ್ಲ. ಅಂಥ ಸಂಘವಾದ ಐಪಿಆರ್‌ಎಸ್‌ನ ಸದಸ್ಯತ್ವ ಸ್ವತಂತ್ರ ಕಲಾವಿದರಿಗೂ ಸಿಗುತ್ತದೆ. ಆದರೆ ಮದ್ದಳೆಯವರು, ಕೊಳಲಿನವರು ಕಾಯ್ದೆಯ ಕಣ್ಣಿಗೆ ಪ್ರದರ್ಶಕರು, ಕರ್ತೃಗಳಲ್ಲ. ಹಾಡಿನ ಎತ್ತುಗಡೆಯನ್ನು ಕೊಳಲಿನವರೇ ಹುಟ್ಟಿಸಿದ್ದರೆ ಅವರಿಗೆ ಪಾಲು ಉಂಟೋ ಇಲ್ಲವೋ ಎಂಬುದು ನೀವು ನೀವೇ ಆಡಿಕೊಂಡ ಮಾತಿನ ಮೇಲೆ ನಿಂತಿದೆ. ಮುದ್ರಣದ ದಿನವೇ ಶೇಕಡಾವಾರು ಬರೆದು ಎಲ್ಲರೂ ಸಹಿ ಹಾಕಿ. ಹಾಡನ್ನು ಆನ್‌ಲೈನ್ ವೇದಿಕೆಗಳಿಗೆ ತಲುಪಿಸುವ ವಿತರಕರ ಅರ್ಜಿಯಲ್ಲಿ ವಾದಕರ ಹೆಸರಿಗೂ ಜಾಗವಿರುತ್ತದೆ, ನಮ್ಮವರು ತುಂಬುವುದು ಕಡಿಮೆ. ಬಿಡುಗಡೆಯಾದ ಮೇಲೂ ಅದನ್ನು ತಿದ್ದಲು ಬರುತ್ತದೆ. ಹೋದ ವರ್ಷದ ಹಾಡುಗಳಿಗೂ ಈ ಮಳೆಗಾಲದಲ್ಲಿ ಹೆಸರು ಸೇರಿಸಬಹುದು.