ಬಿಲ್ಲಿನ ತುದಿಗೆ ಜಿಂಕೆ ಕೊಂಬು ಯಾಕೆ?

ಅಮೆರಿಕದಲ್ಲಿ ಮನೆಯಲ್ಲೇ ಮರದ ಬಿಲ್ಲು ಕೆತ್ತುವ ಹವ್ಯಾಸಿಗಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರು ಬಿಲ್ಲಿನ ಎರಡೂ ತುದಿಗೆ ಜಿಂಕೆ ಕೊಂಬಿನ ಪುಟ್ಟ ಚೂರು ಅಂಟಿಸಿ, ಹೆದೆ ಕೂರುವ ಕಚ್ಚನ್ನು ಅದರಲ್ಲೇ ಕೊರೆಯುತ್ತಾರೆ. ನೋಡೋಕೆ ಚಂದ ನಿಜ, ಆದರೆ ಅಸಲಿ ಕೆಲಸ ಬೇರೆಯೇ ಇದೆ.

ಬಾಣ ಹಾರಿದ ಕ್ಷಣ ಹೆದೆ ಫಟ್ಟನೆ ಬಿಗಿಯುತ್ತದೆ. ಆ ಎಳೆತವೆಲ್ಲ ಬೀಳುವುದು ತುದಿಯ ಕಚ್ಚಿನ ಮೇಲೆ. ಮರ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ಹಳೇ ನಾರಿನ ಹೆದೆ ತುಸು ಹಿಗ್ಗಿ ಪೆಟ್ಟು ತಗ್ಗಿಸುತ್ತಿತ್ತು. ಈಗಿನ ಡೈನೀಮಾ ಎಂಬ ಕೃತಕ ನೂಲಿನ ದಾರ ಹಿಗ್ಗುವುದೇ ಇಲ್ಲ ಅನ್ನಬಹುದು. ಜೊತೆಗೆ ತೆಳ್ಳಗಿರುವುದರಿಂದ ಮೆತ್ತನೆ ಮರವನ್ನು ಕೊರೆದೇಬಿಡುತ್ತದೆ. ಈ ಪಾಡು ಹೊಸದೇನಲ್ಲ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ 130ಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕವು. ಅವುಗಳ ತುದಿಗೂ ದನದ ಕೊಂಬಿನ ಟೊಪ್ಪಿಗೆ ಇತ್ತು. ಹೆಚ್ಚುಕಮ್ಮಿ ಎಲ್ಲ ಕೊಂಬೂ ಕೊಳೆತುಹೋಗಿ ಮರದ ಮೇಲೆ ಗುರುತಷ್ಟೇ ಉಳಿದಿತ್ತು.

ಹಸುವಿನ ಕೊಂಬಿಗೂ ಜಿಂಕೆ ಕೊಂಬಿಗೂ ಅಜಗಜಾಂತರ. ಹಸುವಿನದರ ಹೊರಕವಚ ನಮ್ಮ ಉಗುರಿನಂತೆ ಕೆರಟಿನ್. ಜಿಂಕೆಯದು ಅಪ್ಪಟ ಮೂಳೆ, ವರ್ಷವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ಮಾಮೂಲಿ ಮೂಳೆಗಿಂತ ಇದರಲ್ಲಿ ಖನಿಜ ಕಮ್ಮಿ, ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಜಾಸ್ತಿ. ಗಂಡು ಜಿಂಕೆಗಳು ಡಿಕ್ಕಿ ಹೊಡೆದಾಗ ಪೆಟ್ಟು ತಿಂದೂ ಒಡೆಯಬಾರದಲ್ವಾ? ಅದೇ ಗುಣ ಬಿಲ್ಲಿಗೂ ಒದಗುತ್ತದೆ.

ಇನ್ನು ಅಂಟಿನ ಮಾತು. ಕೊಂಬಿನ ಹೊರಗೋಡೆ ಗಟ್ಟಿ, ಒಳಗೆ ಸ್ಪಂಜಿನಂತೆ ತೂತುತೂತು. ತೂತಿರುವ ಭಾಗ ಸಿಕ್ಕಿಕೊಂಡರೆ ಅದು ಅಂಟನ್ನೆಲ್ಲ ಹೀರಿ, ಬೆಸುಗೆಯಲ್ಲಿ ಅಂಟೇ ಉಳಿಯುವುದಿಲ್ಲ. ಆದ್ದರಿಂದ ಗಟ್ಟಿ ಗೋಡೆಯದೇ ಚೂರು ಬೇಕು. ಮರ, ಕೊಂಬು ಎರಡನ್ನೂ ಸಪಾಟಾಗಿ ಉಜ್ಜಿ, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. 80ನೇ ನಂಬರಿನ ಉಪ್ಪು ಕಾಗದದ ಗೀರು ಉಳಿದರೆ ಅಂಟಿಗೆ ಹಿಡಿತ ಸಿಗುತ್ತದೆ. ಆಮೇಲೆ ಅಸಿಟೋನ್‌ನಲ್ಲಿ ಒರೆಸಿ, ಬೆರಳು ತಾಗಿಸದೆ ಇಡಬೇಕು. ಬೆರಳಿನ ಜಿಡ್ಡೂ ಸಾಕು ಕೆಡಿಸೋಕೆ.

ಫೆವಿಕ್ವಿಕ್ ಜಾತಿಯ ಅಂಟು ಗಾಳಿ ಮತ್ತು ಮೇಲ್ಮೈಯ ತೇವಕ್ಕೆ ಗಟ್ಟಿಯಾಗುತ್ತದೆ. ತೆಳು ಪೊರೆಯಿದ್ದರೆ ಚೆನ್ನಾಗಿ ಹಿಡಿಯುತ್ತದೆ, ಸಂದು ತುಂಬುವುದು ಅದರ ಕೈಲಾಗದು. ಅರಾಲ್ಡೈಟ್‌ನಂಥ ಎಪಾಕ್ಸಿ ಸಂದು ತುಂಬುತ್ತದೆ. ಆದರೆ ಕ್ಲ್ಯಾಂಪನ್ನು ಸಿಕ್ಕಾಪಟ್ಟೆ ಬಿಗಿದರೆ ಅಂಟೆಲ್ಲ ಹೊರಗೆ ಹರಿದು, ಒಳಗೆ ಏನೂ ಉಳಿಯೋದಿಲ್ಲ.

ಇಷ್ಟು ತೆಳು ಪೊರೆ ಹೇಗೆ ತಡೆಯುತ್ತೆ? ಹೆದೆ ಎಳೆಯುವ ದಿಕ್ಕಿನಿಂದ. ಚೂರು ಕೂರುವುದು ಬಿಲ್ಲಿನ ಹೊರಮೈಯಲ್ಲಿ. ಹೆದೆಯ ಕುಣಿಕೆ ಅದನ್ನು ಮರಕ್ಕೇ ಒತ್ತುತ್ತ ಸ್ವಲ್ಪ ಜಾರಿಸಲು ನೋಡುತ್ತದೆ. ಒತ್ತಡ, ಜಾರಿಕೆಗಳನ್ನು ಅಂಟು ಸಹಿಸುತ್ತದೆ. ಅಂಚಿನಿಂದ ಸುಲಿದರೆ ಮಾತ್ರ ಸೋಲುತ್ತದೆ.

ಕೊನೆಗೆ ಅರದಿಂದ ಆದಷ್ಟು ತೆಳ್ಳಗೆ ಮಾಡಬೇಕು. ಬಿಲ್ಲಿನಲ್ಲಿ ಹೆಚ್ಚು ವೇಗವಾಗಿ ಚಲಿಸುವುದು ತುದಿಯೇ, ಅಲ್ಲಿ ಭಾರ ಕೂತರೆ ಬಾಣದ ವೇಗಕ್ಕೆ ಕತ್ತರಿ. ಅರ ಹಾಕುವಾಗ ಹಲ್ಲಿನ ಡಾಕ್ಟರ ಡ್ರಿಲ್ಲಿನ ವಾಸನೆ ಬರುತ್ತದೆ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಬೇಕೇ ಬೇಕು.

ಬಂಡೀಪುರದ ಕಡೆ ಬಿದ್ದಿರುವ ಚುಕ್ಕೆ ಜಿಂಕೆ ಕೊಂಬು ಎತ್ತಿಕೊಂಡು ಬರೋಣ ಅಂತ ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾನಾಗಿ ಉದುರಿದ್ದನ್ನೂ ತರುವಂತಿಲ್ಲ. ಸುಣ್ಣದಂಶಕ್ಕಾಗಿ ಅದನ್ನು ಕಡಿಯುವ ಮುಳ್ಳುಹಂದಿಗಳು ಕಾಡಲ್ಲೇ ಇವೆ. ನಮ್ಮಲ್ಲಿ ಮಾಡುವವರಿಗೆ ಎಮ್ಮೆ ಕೊಂಬು ಅಥವಾ ಗಟ್ಟಿ ಮರದ ಚೂರು ಆದೀತು. ಉಜ್ಜುವ, ಒರೆಸುವ ಕ್ರಮ ಅದೇ.