ಸೀಮೆಯ ಕಾನೂನನ್ನು ಅರಸರು ಅಳಿಸಿದ ಬಗೆ

ಸಾಗರದಲ್ಲಿ ಜಮೀನಿನ ಕೇಸು ನಡೆಸುವ ವಕೀಲರ ಮುಂದೆ ಬರುವ ಕಾಗದಗಳಲ್ಲಿ ಜಾಸ್ತಿ ಪಾಲು ಒಂದೇ ಜಗಳದ್ದು. ಊರಿನ ರೂಢಿ ಒಂದು ಹೇಳುತ್ತದೆ, ಸರ್ಕಾರದ ಆದೇಶ ಇನ್ನೊಂದು ಹೇಳುತ್ತದೆ. ಈ ಜಗಳ ಮಲೆನಾಡಿಗೆ ಮಾತ್ರ ಸೇರಿದ್ದಲ್ಲ. ಮುನ್ನೂರು ವರ್ಷದ ಹಿಂದೆ ಯೂರೋಪಿನ ಅರಸರು ಇಡೀ ಸೀಮೆಗಳ ಕಾನೂನನ್ನೇ ಒಂದು ಸಹಿಯಲ್ಲಿ ತೆಗೆದುಹಾಕಿದರು. ಆ ಕಥೆ ಓದಿದ ಮೇಲೆ ನನಗೆ ನಮ್ಮ ನಗರ ಸೀಮೆಯ, ಅಂದರೆ ಹಳೇ ಬಿದನೂರು ಸೀಮೆಯ, ಚರಿತ್ರೆ ಬೇರೆ ರೀತಿ ಕಾಣಿಸಿತು. ಅದಕ್ಕೇ ಈ ವಾರ ಸ್ವಲ್ಪ ದೂರದಿಂದ ಶುರು ಮಾಡುತ್ತೇನೆ.

1700ರ ಸ್ಪೇನ್ ಇವತ್ತಿನ ಹಾಗೆ ಒಂದೇ ದೇಶ ಆಗಿರಲಿಲ್ಲ. ಕ್ಯಾಸ್ಟೀಲ್, ಅರಗಾನ್, ವಲೆನ್ಸಿಯಾ, ಕ್ಯಾಟಲೋನಿಯಾ ಎಲ್ಲಕ್ಕೂ ಅರಸ ಒಬ್ಬನೇ. ಆದರೆ ಸೀಮೆಗೊಂದು ಕಾನೂನು, ಸೀಮೆಗೊಂದು ಸಭೆ. ಕ್ಯಾಟಲೋನಿಯಾದಲ್ಲಿ ಹೊಸ ತೆರಿಗೆ ಬೇಕು ಅಂದರೆ ಅರಸ ಅಲ್ಲಿನ ಸಭೆಯನ್ನು ಒಪ್ಪಿಸಬೇಕಿತ್ತು. ಅಲ್ಲಿನ ಕಟ್ಟಳೆಗಳನ್ನು ಮೀರುವುದಿಲ್ಲ ಎಂದು ಆಣೆಯನ್ನೂ ಮಾಡಬೇಕಿತ್ತು. ಆ ವರ್ಷ ಎರಡನೇ ಚಾರ್ಲ್ಸ್ ಮಕ್ಕಳಿಲ್ಲದೆ ತೀರಿಕೊಂಡ. ಗಾದಿಗೆ ಇಬ್ಬರು ನಿಂತರು. ಒಬ್ಬ ಫ್ರಾನ್ಸ್ ದೊರೆ ಹದಿನಾಲ್ಕನೇ ಲೂಯಿಯ ಮೊಮ್ಮಗ ಫಿಲಿಪ್. ಇನ್ನೊಬ್ಬ ಆಸ್ಟ್ರಿಯಾದ ರಾಜಮನೆತನದ ಚಾರ್ಲ್ಸ್. ಐದನೇ ಫಿಲಿಪ್ ಬಾರ್ಸಿಲೋನಾಕ್ಕೆ ಬಂದು ಆಣೆಯನ್ನೂ ಮಾಡಿದ. ಆದರೂ ಕೆಲವೇ ವರ್ಷದಲ್ಲಿ ಆ ಭಾಗದವರು ಹೆಚ್ಚಾಗಿ ಆಸ್ಟ್ರಿಯಾದವನ ಕಡೆ ವಾಲಿದರು.

1707ರ ಏಪ್ರಿಲ್ 25ರಂದು ಅಲ್ಮಾನ್ಸಾದಲ್ಲಿ ಫಿಲಿಪ್‌ನ ಸೇನೆ ಗೆದ್ದಿತು. ಜೂನ್ 29ಕ್ಕೆ ಆದೇಶ ಹೊರಟಿತು. ಅರಗಾನ್ ಮತ್ತು ವಲೆನ್ಸಿಯಾದ ಎಲ್ಲ ಸೀಮೆ ಕಾನೂನುಗಳೂ ಅಂದಿನಿಂದ ರದ್ದು. ಕಾರಣವನ್ನೂ ಆದೇಶವೇ ಹೇಳಿತು. ನೀವು ದಂಗೆ ಎದ್ದಿರಿ, ಹಾಗಾಗಿ ನಿಮ್ಮ ಹಕ್ಕು ಹೋಯಿತು. ನಾನು ಯುದ್ಧದಲ್ಲಿ ಗೆದ್ದೆ, ಹಾಗಾಗಿ ಹೊಸ ಕಾನೂನು ಮಾಡುವ ಅಧಿಕಾರ ನನ್ನದು. ಇನ್ನು ಮುಂದೆ ಎಲ್ಲ ಕಡೆ ಕ್ಯಾಸ್ಟೀಲ್‌ನ ಕಾನೂನೇ ನಡೆಯಲಿ. ಮಾಡಿದ ಆಣೆಯಿಂದ ಬಿಡಿಸಿಕೊಳ್ಳಲು ಅರಸನಿಗೆ ಬೇಕಾಗಿದ್ದು ಎದುರಿನವರ ಒಂದು ದಂಗೆ. ವಕೀಲಿ ಕಣ್ಣಿಗೆ ಆ ಆದೇಶದಲ್ಲಿ ಮೊದಲು ಕಾಣುವುದು ಇದೇ.

ಬಾರ್ಸಿಲೋನಾ 1714ರ ಸೆಪ್ಟೆಂಬರ್ 11ರಂದು ಬಿತ್ತು. ಕ್ಯಾಟಲೋನಿಯಾದ ಆದೇಶ 1716ರ ಜನವರಿಯಲ್ಲಿ ಜಾರಿಗೆ ಬಂತು. ಅದನ್ನು ನಿಧಾನವಾಗಿ ಓದಬೇಕು, ಯಾಕೆಂದರೆ ಏನು ತೆಗೆದರು, ಏನು ಬಿಟ್ಟರು ಎನ್ನುವುದರಲ್ಲೇ ಇಡೀ ಲೆಕ್ಕಾಚಾರ ಇದೆ. ಸೀಮೆಯ ಸಭೆ ಹೋಯಿತು. ಬಾರ್ಸಿಲೋನಾ ಪಟ್ಟಣವನ್ನು ನೋಡಿಕೊಳ್ಳುತ್ತಿದ್ದ ನೂರು ಜನರ ಸಭೆ ಹೋಯಿತು. ಅದರ ಜಾಗಕ್ಕೆ ಅರಸನೇ ನೇಮಿಸಿದ 24 ಜನ ಬಂದರು. ಮೇಲೆ ಒಬ್ಬ ಸೇನಾಧಿಪತಿ ಮತ್ತು ಒಂದು ರಾಜನ್ಯಾಯಾಲಯ. ಆ ನ್ಯಾಯಾಲಯದ ಕಲಾಪ ಕ್ಯಾಸ್ಟೀಲ್ ಭಾಷೆಯಲ್ಲಿ. ಹಳೇ ತಾಲ್ಲೂಕುಗಳನ್ನು ಅಳಿಸಿ 12 ಹೊಸ ವಿಭಾಗ ಮಾಡಿದರು. ಜಮೀನು, ಮನೆ, ದುಡಿಮೆ ಲೆಕ್ಕ ಹಾಕಿ ಹೊಸ ತೆರಿಗೆ ಹಾಕಿದರು.

ಬಿಟ್ಟಿದ್ದು ಮನೆಯೊಳಗಿನ ಕಾನೂನು. ಮದುವೆಯ ಆಸ್ತಿ, ಉಯಿಲು, ಪಾಲು, ಗೇಣಿ ಇವೆಲ್ಲ ಕ್ಯಾಟಲೋನಿಯಾದಲ್ಲಿ ಹಳೇ ಕಟ್ಟಳೆಯಂತೆಯೇ ನಡೆದವು. ಅರಗಾನ್‌ಗೂ ಇಂಥ ಕಾನೂನನ್ನು 1711ರಲ್ಲಿ ವಾಪಸ್ ಕೊಟ್ಟರು. ವಲೆನ್ಸಿಯಾಕ್ಕೆ ಮಾತ್ರ ಅದೂ ಸಿಗಲಿಲ್ಲ. ಯುದ್ಧದಲ್ಲಿ ಫಿಲಿಪ್‌ನ ಕಡೆ ನಿಂತ ನವಾರ್ ಮತ್ತು ಬಾಸ್ಕ್ ಸೀಮೆಗಳ ಕಾನೂನನ್ನು ಮುಟ್ಟಲೇ ಇಲ್ಲ. ಎಲ್ಲರಿಗೂ ಒಂದೇ ಕಾನೂನು ಎಂಬ ತತ್ವವೇ ಮುಖ್ಯವಾಗಿದ್ದರೆ ಅವರನ್ನು ಹೇಗೆ ಬಿಡುತ್ತಿದ್ದರು, ಅಲ್ವಾ? ಅರಸನಿಗೆ ಬೇಕಿದ್ದದ್ದು ತೆರಿಗೆ, ನೇಮಕ, ಕೋರ್ಟು. ಯಾರ ಮಗಳಿಗೆ ಎಷ್ಟು ಪಾಲು ಎಂಬುದರಿಂದ ಅವನ ಖಜಾನೆಗೆ ಏನೂ ಆಗಬೇಕಿರಲಿಲ್ಲ.

ಎಲ್ಲ ಅರಸರಿಗೂ ಇದು ದಕ್ಕಲಿಲ್ಲ. ಆಸ್ಟ್ರಿಯಾದ ಎರಡನೇ ಜೋಸೆಫ್ ಹಂಗೇರಿಯಲ್ಲಿ ಪಟ್ಟಾಭಿಷೇಕವನ್ನೇ ಮಾಡಿಸಿಕೊಳ್ಳಲಿಲ್ಲ. ಮಾಡಿಸಿಕೊಂಡರೆ ಅಲ್ಲಿನ ಕಾನೂನು ಪಾಲಿಸುವ ಆಣೆ ಮಾಡಬೇಕಿತ್ತು. 1784ರಲ್ಲಿ ಕಿರೀಟವನ್ನು ವಿಯೆನ್ನಾಕ್ಕೆ ತರಿಸಿಕೊಂಡ, ಜರ್ಮನ್ ಭಾಷೆಯನ್ನು ಆಡಳಿತಕ್ಕೆ ತಂದ. ಮರುವರ್ಷ ಹಂಗೇರಿಯ ಜಿಲ್ಲಾ ಸ್ವಯಮಾಡಳಿತ ತೆಗೆದು ದೇಶವನ್ನು ಹತ್ತು ವಿಭಾಗ ಮಾಡಿದ. ವಿರೋಧ ಎಷ್ಟಾಯಿತೆಂದರೆ 1790ರ ಜನವರಿಯಲ್ಲಿ ಹಾಸಿಗೆ ಹಿಡಿದಿದ್ದಾಗಲೇ ಹೆಚ್ಚಿನ ಆದೇಶಗಳನ್ನು ವಾಪಸ್ ತೆಗೆದುಕೊಂಡ. ಮುಂದಿನ ತಿಂಗಳು ತೀರಿಕೊಂಡ. ಆದರೆ ಜೀತದ ರೈತರಿಗೆ ಬಿಡುಗಡೆ ಕೊಟ್ಟ ಆದೇಶವನ್ನು ಅವನು ವಾಪಸ್ ತೆಗೆಯಲಿಲ್ಲ. ಇದನ್ನೂ ಹೇಳಲೇಬೇಕು. ಆ ಜಿಲ್ಲಾ ಸಭೆಗಳಲ್ಲಿ ಕೂತಿದ್ದವರು ಜಮೀನ್ದಾರರು. ಅವರ ಸ್ವಯಮಾಡಳಿತದಲ್ಲಿ ರೈತನಿಗೆ ಜಾಗವೇ ಇರಲಿಲ್ಲ. ಹಳೇ ಸೀಮೆ ಕಾನೂನೆಂದರೆ ಎಲ್ಲರಿಗೂ ಒಳ್ಳೆಯದು ಎಂದು ನಾನು ಹೇಳಲಾರೆ.

ಈಗ ನಮ್ಮ ಕಡೆಗೆ ಬರೋಣ. ಕೆಳದಿಯ ನಾಯಕರೂ ಸುತ್ತಲ ಸಣ್ಣ ಪಾಳೆಯಗಳನ್ನು ನುಂಗಿಯೇ ಬೆಳೆದವರು. ಆದರೆ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಶಿಸ್ತನ್ನು, ಅಂದರೆ ಕಂದಾಯ ಕಟ್ಟುವ ಕ್ರಮವನ್ನು, ಮಲೆನಾಡು ಇನ್ನೂ ನೆನೆಯುತ್ತದೆ. ಹಳ್ಳಿ ಹಳ್ಳಿಯಲ್ಲೂ ಬಗೆಬಗೆಯ ಜಮೀನಿನ ಒಂದೊಂದು ತುಂಡು ಹಿಡಿದು, 12 ವರ್ಷ ಬೆಳೆ ಮತ್ತು ಖರ್ಚಿನ ಲೆಕ್ಕ ಬರೆಸಿ, ಆಮೇಲೆ ಕಂದಾಯ ಕಟ್ಟಿಸಿದ ಎಂದು ಗೆಜೆಟಿಯರ್ ಹೇಳುತ್ತದೆ. ಅಡಿಕೆ ತೋಟಕ್ಕೆ ಮರದ ಎಣಿಕೆ. ತನ್ನ ಪಾಲು ಎಷ್ಟು ಎಂದು ರೈತನಿಗೆ ಮೊದಲೇ ಗೊತ್ತಿರುತ್ತಿತ್ತು. ಇಷ್ಟು ಮಳೆ ಬೀಳುವ ನಾಡಿನಲ್ಲಿ ಒಂದು ವರ್ಷದ ಬೆಳೆ ನೋಡಿ ಕಂದಾಯ ಕಟ್ಟಿದರೆ ಏನಾಗುತ್ತದೆ ಎಂದು ಕೊಳೆರೋಗ ಕಂಡ ಯಾವ ತೋಟದವರನ್ನು ಕೇಳಿದರೂ ಹೇಳುತ್ತಾರೆ.

1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದ. ರಾಣಿ ವೀರಮ್ಮಾಜಿ ಸೆರೆಯಾದಳು. ಊರಿಗೆ ಹೈದರನಗರ ಎಂದು ಹೆಸರಾಯಿತು. ಇವತ್ತಿನ ಹೊಸನಗರ ತಾಲ್ಲೂಕಿನ ನಗರ ಅದೇ. ಅಲ್ಲಿಂದ ಮುಂದೆ ಮಲೆನಾಡಿನ ತೀರ್ಮಾನ ಶ್ರೀರಂಗಪಟ್ಟಣದಲ್ಲಿ ಆಗತೊಡಗಿತು, 1799ರ ನಂತರ ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರ್ತಿನ ಪದ್ಧತಿ ನಡೆಯಿತು. ತಾಲ್ಲೂಕಿನ ಅಧಿಕಾರಿ ಅಮಲ್ದಾರ ಇಷ್ಟು ಹಣ ವಸೂಲಿ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅವನು ಕೈಯಿಂದ ತುಂಬುತ್ತಾನೆಯೇ? ರೈತನ ಮೇಲೆ ಬೀಳುತ್ತಾನೆ.

1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿದರು. ಬಿದನೂರಿನ ವಾರಸುದಾರ ನಾನು ಎಂದು ಹೇಳಿಕೊಂಡ ಬೂದಿ ಬಸಪ್ಪನ ಹಿಂದೆ ಜನ ನಿಂತರು. ಕೆಳದಿ ಬಿದ್ದು ಆಗಲೇ ಎರಡು ತಲೆಮಾರು ಕಳೆದಿತ್ತು. ಅವರಿಗೆ ನಿಜವಾಗಿ ಬೇಕಿದ್ದದ್ದು ತಮ್ಮ ಸೀಮೆಯೊಳಗೆ ಕೂತು ದೂರು ಕೇಳುವ ಒಬ್ಬ ಯಜಮಾನ ಎಂದೇ ನಾನು ಓದಿಕೊಳ್ಳುತ್ತೇನೆ. ಸಿಕ್ಕಿದ್ದು ಬೇರೆ. ಇದೇ ಗಲಾಟೆಯನ್ನು ಮುಂದಿಟ್ಟು ಬ್ರಿಟಿಷರು 1831ರಲ್ಲಿ ಇಡೀ ಮೈಸೂರಿನ ಆಡಳಿತ ತೆಗೆದುಕೊಂಡರು, 1881ರವರೆಗೆ ಬಿಡಲಿಲ್ಲ. ದಂಗೆಯನ್ನು ತೋರಿಸಿ ಅಧಿಕಾರವನ್ನು ಇನ್ನೂ ಮೇಲಕ್ಕೆ ಎಳೆದುಕೊಳ್ಳುವ ಫಿಲಿಪ್‌ನ ದಾರಿಯೇ ಇಲ್ಲೂ ನಡೆಯಿತು.

ಕ್ಯಾಟಲೋನಿಯಾದಂತೆ ನಮ್ಮಲ್ಲೂ ಸ್ವಲ್ಪ ಉಳಿಯಿತು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ತೆಗೆದು ನೋಡಿ. ಕರಾವಳಿಯ ಕುಮ್ಕಿ, ಕೊಡಗಿನ ಜಮ್ಮಾ ಮತ್ತು ಬಾಣೆ, ಉತ್ತರ ಕನ್ನಡದ ಬೆಟ್ಟ, ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟ ಹೀಗೆ ಜಮೀನು, ಕಾಡು ಬಳಸುವ ಸೀಮೆಗೊಂದು ಸವಲತ್ತು ಒಂದೇ ಸಾಲಿನಲ್ಲಿ ನಿಂತಿವೆ. ರೂಢಿಯಿಂದಲೋ ಆದೇಶದಿಂದಲೋ ಅನುಭವಿಸುತ್ತಾ ಬಂದದ್ದು ಮುಂದುವರಿಯಲಿ ಎನ್ನುತ್ತದೆ ಆ ಕಲಂ. ಆದರೆ ಸರ್ಕಾರ ಆಗಾಗ ಹೊರಡಿಸುವ ಆದೇಶಗಳಿಗೆ ಒಳಪಟ್ಟು ಎಂದೂ ಸೇರಿಸುತ್ತದೆ. ಕೇಸು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಆ ಕೊನೆಯ ಮಾತಿನ ಮೇಲೆ.

ಹಾಗಾಗಿ ಸೊಪ್ಪಿನಬೆಟ್ಟದ ತಕರಾರು ಹಿಡಿದು ಬರುವವರಿಗೆ ಒಂದು ವಿನಂತಿ. ಬೆಟ್ಟ ನಮ್ಮದು ಎಂದು ವಾದ ಮಾಡಬೇಡಿ, ಅದು ಸರ್ಕಾರದ ಜಾಗವೇ. ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ಯಾವ ತೋಟಕ್ಕೆ ಸೇರಿದ್ದು, ಎಂದಿನಿಂದ ನಡೆದು ಬಂದಿದೆ ಎಂದು ತೋರಿಸುವ ಹಳೇ ಸರ್ವೆ ಕಾಗದ, ನಕ್ಷೆ ತನ್ನಿ. ಸುಮ್ನೆ ಇವತ್ತಿನ ಪಹಣಿ ಒಂದನ್ನೇ ಹಿಡಿದು ಬಂದರೆ ಸಾಲದು. ಅಜ್ಜನ ಕಾಲದ ರಸೀದಿ ಪೆಟ್ಟಿಗೆಯಲ್ಲಿದ್ದರೆ ಅದನ್ನೂ ತನ್ನಿ.